ಮಿಝೊಗುಚಿಯ ನಾಯಕಿ ಎಂದಷ್ಟೇ ಕರೆದರೆ ಸಾಕೇ?

ಜಪಾನಿನ ಸಿನಿಮಾ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕುರೊಸಾವಾ, ಆಮೇಲೆ ಓಝು ಮತ್ತು ಮಿಝೊಗುಚಿ. ಕಿನುಯೊ ತನಾಕಾ ಎಂಬ ಹೆಸರು ಬಂದರೆ ಅದು ಮಿಝೊಗುಚಿಯ ಬೆನ್ನಿಗೇ ಬರುತ್ತದೆ. 'ದಿ ಲೈಫ್ ಆಫ್ ಒಹಾರು' (1952) ಚಿತ್ರದ ನತದೃಷ್ಟೆ, 'ಉಗೆತ್ಸು' (1953) ಚಿತ್ರದ ಕುಂಬಾರನ ಹೆಂಡತಿ, 'ಸಾನ್ಶೊ ದಿ ಬೇಲಿಫ್' (1954) ಚಿತ್ರದ ಮಕ್ಕಳನ್ನು ಕಳೆದುಕೊಂಡ ತಾಯಿ. ಮೂರೂ ಮರೆಯಲಾಗದ ಪಾತ್ರಗಳು. ಈ ಪಾತ್ರಗಳ ನಡುವಿನ ಬಿಡುವಿನಲ್ಲೇ, 1953ರಲ್ಲಿ, ತನಾಕಾ ಇನ್ನೊಂದು ಕೆಲಸವನ್ನೂ ಮಾಡಿದರು. ದಾಯೆ ಸಂಸ್ಥೆಗಾಗಿ ಮಿಕಿಯೊ ನರುಸೆ 'ಆನಿ ಇಮೋಟೊ' (ಅಣ್ಣ ತಂಗಿ) ಚಿತ್ರ ಮಾಡುತ್ತಿದ್ದಾಗ ಅವರ ಕೈಕೆಳಗೆ ಸಹಾಯಕಿಯಾಗಿ ದುಡಿದು ನಿರ್ದೇಶನ ಕಲಿತರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರೇ ನಿರ್ದೇಶಿಸಿದ 'ಕೊಯಿಬುಮಿ' (ಪ್ರೇಮಪತ್ರ) ತೆರೆಕಂಡಿತು, ಮರುವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಯಿತು. 1962ರ ಹೊತ್ತಿಗೆ ಅವರ ನಿರ್ದೇಶನದಲ್ಲಿ ಆರು ಚಿತ್ರಗಳು ಬಂದಿದ್ದವು. ಇಷ್ಟಿದ್ದೂ ಜಪಾನಿನ ಹೊರಗೆ ಬರೆದ ಸಿನಿಮಾ ಇತಿಹಾಸಗಳಲ್ಲಿ ಈ ಹತ್ತು ವರ್ಷಗಳ ದುಡಿಮೆ ಬಹುಕಾಲ ಒಂದು ಸಾಲಿಗೆ, ಹೆಚ್ಚೆಂದರೆ ಒಂದು ಅಡಿಟಿಪ್ಪಣಿಗೆ ಮುಗಿದುಹೋಗುತ್ತಿತ್ತು. ಕಳೆದ ಕೆಲವು ವರ್ಷಗಳಲ್ಲಿ ಸಂಶೋಧಕರು ಈ ಸಾಲನ್ನು ಬಿಡಿಸಿ ನೋಡಲು ಶುರುಮಾಡಿದ್ದಾರೆ. ಅವರ ಮುಂದಿರುವ ದೊಡ್ಡ ತೊಡಕು ದಾಖಲೆಗಳ ಕೊರತೆಗಿಂತ ಹೆಚ್ಚಾಗಿ ಕಥೆಗಳ ಹೇರಳತೆ ಎಂಬುದು ಈ ಬರಹದ ವಾದ. ನಟಿಯೊಬ್ಬಳ ಕ್ಯಾಮೆರಾ ಹಿಂದಿನ ಕೆಲಸವನ್ನು ದೊಡ್ಡ ನಿರ್ದೇಶಕರ ಕೃಪೆ ಅಥವಾ ಕೋಪದ ಕಥೆಯಾಗಿ ಓದುವುದನ್ನು ಬಿಟ್ಟು ಕೆಲಸವಾಗಿಯೇ ಓದಬೇಕು: ಯಾವ ಸ್ಟುಡಿಯೋ, ಯಾವ ಕರಾರು, ಯಾರ ಚಿತ್ರಕಥೆ, ತೆರೆಯ ಮೇಲೆ ಕಾಣುವ ನಿರ್ಧಾರ ಯಾವುದು.

ಆ ಕಾಲದ ಸ್ಟುಡಿಯೋ ವ್ಯವಸ್ಥೆಯನ್ನು ಮೊದಲು ನೋಡಬೇಕು. ಜಪಾನಿನ ದೊಡ್ಡ ಸಂಸ್ಥೆಗಳಲ್ಲಿ ನಿರ್ದೇಶಕನಾಗುವ ದಾರಿ ಸಾಮಾನ್ಯವಾಗಿ ಒಂದೇ ಇತ್ತು. ಸಹಾಯಕ ನಿರ್ದೇಶಕನಾಗಿ ಸೇರಿ, ಒಬ್ಬ ಹಿರಿಯನ ಗರಡಿಯಲ್ಲಿ ವರ್ಷಗಟ್ಟಲೆ ಮಣ್ಣು ಹೊತ್ತು, ಕಡೆಗೊಮ್ಮೆ ಸಂಸ್ಥೆ ಒಪ್ಪಿದರೆ ಸ್ವಂತ ಚಿತ್ರ. ನರುಸೆ, ಓಝು, ಕುರೊಸಾವಾ ಎಲ್ಲರೂ ಬಂದದ್ದು ಇದೇ ದಾರಿಯಲ್ಲಿ. ಈ ದಾರಿ ಹೆಂಗಸರಿಗೆ ಹೆಚ್ಚುಕಡಿಮೆ ಮುಚ್ಚಿತ್ತು. ತನಾಕಾಗೆ ಮೊದಲು ಕಥಾಚಿತ್ರ ನಿರ್ದೇಶಿಸಿದ ಜಪಾನೀ ಮಹಿಳೆ ಒಬ್ಬರೇ, ತಝುಕೊ ಸಕಾನೆ. ಅವರ 'ಹತ್ಸು ಸುಗತಾ' ಬಂದದ್ದು 1936ರಲ್ಲಿ. ಇಂದು ಅದರ ಪ್ರತಿಯೇ ಉಳಿದಿಲ್ಲ. ಸಕಾನೆ ಯುದ್ಧಕಾಲದಲ್ಲಿ ಮಂಚೂರಿಯಾಕ್ಕೆ ಹೋಗಿ ಅಲ್ಲಿನ ಜಪಾನೀ ಸಂಸ್ಥೆಗಾಗಿ ಸಾಕ್ಷ್ಯಚಿತ್ರ ಮಾಡಿದರು. ಯುದ್ಧ ಮುಗಿದು ಮರಳಿದಾಗ ಕ್ಯೋಟೋದಲ್ಲಿ ಅವರಿಗೆ ಸಿಕ್ಕಿದ್ದು ಚಿತ್ರೀಕರಣದ ವಿವರಗಳನ್ನು ಬರೆದಿಡುವ ಸ್ಕ್ರಿಪ್ಟ್ ಕೆಲಸ. ಹೊಸ ಸಂವಿಧಾನ 1947ರಲ್ಲಿ ಹೆಣ್ಣು ಗಂಡಿಗೆ ಸಮಾನ ಹಕ್ಕು ಬರೆದುಕೊಟ್ಟಿತ್ತು, ಆದರೆ ಸ್ಟುಡಿಯೋದ ಏಣಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಇಂಥ ಕಡೆ ತನಾಕಾಗೆ ದಕ್ಕಿದ್ದು ಒಂದೇ ಚಿತ್ರದ ಶಿಷ್ಯವೃತ್ತಿ. ಗಂಡಸರು ಹತ್ತು ವರ್ಷ ಮಾಡುತ್ತಿದ್ದ ತಾಲೀಮನ್ನು ಆಕೆ ಒಂದು ಚಿತ್ರದಲ್ಲಿ ಮುಗಿಸಿದರು ಎಂದು ಇದನ್ನು ಕೊಂಕಾಗಿಯೂ ಹೇಳಬಹುದು, ಹೊಗಳಿಕೆಯಾಗಿಯೂ ಹೇಳಬಹುದು. ಎರಡೂ ತಪ್ಪು ಲೆಕ್ಕ. 1924ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಶೋಚಿಕು ಸಂಸ್ಥೆ ಸೇರಿದಾಗಿನಿಂದ ತನಾಕಾ ಸೆಟ್ಟಿನಲ್ಲಿದ್ದರು. ಜಪಾನಿನ ಮೊದಲ ಪೂರ್ಣ ಪ್ರಮಾಣದ ಟಾಕಿ, ಗೋಶೋ ಅವರ 'ನೆರೆಮನೆಯ ಹೆಂಡತಿ ಮತ್ತು ನನ್ನವಳು' (1931), ಅದರಲ್ಲೂ ಅವರೇ ನಾಯಕಿ. ಗೋಶೋ, ಶಿಮಿಝು, ಓಝು, ನರುಸೆ, ಮಿಝೊಗುಚಿ, ಕಿನೊಶಿತಾ ಇವರೆಲ್ಲ ಹೇಗೆ ಶಾಟ್ ಇಡುತ್ತಾರೆ, ಎಲ್ಲಿ ಕಟ್ ಹೇಳುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡವರು. ಇಷ್ಟು ವೈವಿಧ್ಯದ ಗರಡಿ ಯಾವ ಸಹಾಯಕ ನಿರ್ದೇಶಕನಿಗೂ ಸಿಕ್ಕಿರಲಿಕ್ಕಿಲ್ಲ. ಈ ವರ್ಷಗಳನ್ನು ಸಂಬಳದ ಪುಸ್ತಕ ನಟನೆ ಎಂದು ಬರೆದುಕೊಂಡಿತು ಎಂದ ಮಾತ್ರಕ್ಕೆ ಸಂಶೋಧಕರೂ ಹಾಗೇ ಬರೆದುಕೊಳ್ಳಬೇಕಾಗಿಲ್ಲ.

ಆದರೆ 1953ರಲ್ಲೇ ಏಕೆ? ಇದಕ್ಕೆ ಎಲ್ಲರ ಬಾಯಲ್ಲಿರುವ ಉತ್ತರ ಒಂದಿದೆ. 1949ರ ಕೊನೆಯಲ್ಲಿ ತನಾಕಾ ಸದ್ಭಾವನಾ ಪ್ರವಾಸಕ್ಕೆಂದು ಅಮೆರಿಕಕ್ಕೆ ಹೋದರು. 1950ರ ಆರಂಭದಲ್ಲಿ ಮರಳಿದಾಗ ಕಪ್ಪು ಕನ್ನಡಕ ಹಾಕಿ, ಪಾಶ್ಚಾತ್ಯ ಉಡುಪು ತೊಟ್ಟು, ಜನರತ್ತ ಗಾಳಿಮುತ್ತು ತೂರಿದರು. ಸೋತ ದೇಶದ ಪತ್ರಿಕೆಗಳು ಅವರನ್ನು ಹಿಗ್ಗಾಮುಗ್ಗಾ ಜಾಡಿಸಿದವು. ಆ ಅವಮಾನದಿಂದ, ಇಳಿಯುತ್ತಿದ್ದ ವಯಸ್ಸಿನಿಂದ ಪಾರಾಗಲು ನಟಿ ನಿರ್ದೇಶನದ ಆಸರೆ ಹಿಡಿದಳು ಎಂಬುದು ಕಥೆ. ಅವಮಾನ ನಿಜ, ನೋವೂ ನಿಜ. ಆದರೆ ಚಿತ್ರಗಳ ಪಟ್ಟಿ ಬೇರೆಯೇ ಮಾತು ಹೇಳುತ್ತದೆ. ನರುಸೆಯ 'ಒಕಾಸಾನ್' (ತಾಯಿ) ಮತ್ತು 'ಒಹಾರು' ಎರಡೂ 1952ರವು. 'ಉಗೆತ್ಸು' 1953ರದು. ನಟನೆ ಕೈಕೊಟ್ಟದ್ದರಿಂದ ಆಕೆ ನಿರ್ದೇಶನಕ್ಕೆ ಹೋದದ್ದಾಗಿದ್ದರೆ, ಬದುಕಿನ ಅತ್ಯುತ್ತಮ ಪಾತ್ರಗಳು ಅದೇ ಮೂರು ವರ್ಷಗಳಲ್ಲಿ ಬಂದದ್ದು ಹೇಗೆ? ಕಾರಣವನ್ನು ಬೇರೆಡೆ ಹುಡುಕಬೇಕು. ತನಾಕಾ ಆ ಹೊತ್ತಿಗೆ ಶೋಚಿಕು ಬಿಟ್ಟು ಸ್ವತಂತ್ರ ಕಲಾವಿದೆಯಾಗಿದ್ದರು. ಒಂದೇ ಸಂಸ್ಥೆಯ ಅಪ್ಪಣೆಗೆ ಕಾಯಬೇಕಾಗಿರಲಿಲ್ಲ. ಯುದ್ಧದ ನಂತರ ಜಪಾನನ್ನು ಆಳುತ್ತಿದ್ದ ಅಮೆರಿಕನ್ ಸೇನಾಡಳಿತ 1952ರ ಏಪ್ರಿಲ್‌ನಲ್ಲಿ ಮುಗಿದು, ಆ ವರ್ಷಗಳ ಬಗ್ಗೆ ಚಿತ್ರ ಮಾಡಲು ಅಡ್ಡಿಯಾಗಿದ್ದ ಸೆನ್ಸಾರ್ ಹೋಗಿತ್ತು. ತೊಹೊ ಸ್ಟುಡಿಯೋದ ಮುಷ್ಕರಗಳ ಗದ್ದಲದಲ್ಲಿ ಹುಟ್ಟಿದ ಶಿಂತೊಹೊ ಎಂಬ ಹೊಸ ಸಂಸ್ಥೆ 'ಕೊಯಿಬುಮಿ'ಯನ್ನು ನಿರ್ಮಿಸಿತು. ನಟರು ನಿರ್ದೇಶಕರಾಗುವುದೂ ಆಗ ಅಪರೂಪವೇನಾಗಿರಲಿಲ್ಲ. ಶಿನ್ ಸಬುರಿ ಆಗಲೇ ನಿರ್ದೇಶನಕ್ಕೆ ಇಳಿದಿದ್ದರು, ಸೋ ಯಮಮುರಾ ಅದೇ 1953ರಲ್ಲಿ 'ಕನಿಕೋಸೆನ್' ಮಾಡಿದರು. ಅವರ ಬಗ್ಗೆ ಬರೆಯುವಾಗ ಯಾರೂ ಮೊದಲಿಗೆ ಯಾವ ಗುರು ಕೈಹಿಡಿದ, ಯಾವ ಗುರು ಸಿಟ್ಟಾದ ಎಂದು ಕೇಳುವುದಿಲ್ಲ. ತನಾಕಾ ವಿಷಯದಲ್ಲಿ ಮಾತ್ರ ಆ ಪ್ರಶ್ನೆಯೇ ಮೊದಲು ಬರುತ್ತದೆ.

ಕಥೆಗಳಲ್ಲೆಲ್ಲ ಗಟ್ಟಿಯಾಗಿ ಬೇರೂರಿರುವುದು ಮಿಝೊಗುಚಿಯ ವಿರೋಧದ ಕಥೆ. ತನಾಕಾ ಅವರ ಎರಡನೇ ಚಿತ್ರ 'ತ್ಸುಕಿ ವಾ ನೊಬೊರಿನು' (ಚಂದ್ರ ಮೂಡಿದ, 1955) ನಿಕ್ಕತ್ಸು ಸಂಸ್ಥೆಗೆ ಆಗಬೇಕಿತ್ತು. ಜಪಾನೀ ನಿರ್ದೇಶಕರ ಸಂಘದ ಬೆಂಬಲದ ಪ್ರಶ್ನೆ ಬಂದಾಗ ಆಗಿನ ಅಧ್ಯಕ್ಷ ಮಿಝೊಗುಚಿ ಒಪ್ಪಲಿಲ್ಲ. ಓಝು ಬೆಂಬಲಿಸಿದರು, ಚಿತ್ರ ಆಯಿತು. ಮಿಝೊಗುಚಿ ಮತ್ತು ತನಾಕಾ ಮತ್ತೆಂದೂ ಒಟ್ಟಿಗೆ ಕೆಲಸ ಮಾಡಲಿಲ್ಲ. ಇದು ನಡೆದದ್ದೇ. ಹೇಳುವುದಕ್ಕೂ ರಸವತ್ತಾಗಿದೆ: ತನ್ನ ನಾಯಕಿ ತನ್ನ ಸರಿಸಮ ನಿಲ್ಲುವುದನ್ನು ಸಹಿಸದ ಮಹಾನ್ ಕಲಾವಿದ. ಆದರೆ ರಸವೇ ಇಲ್ಲಿ ಸತ್ಯವನ್ನು ಮಸುಕು ಮಾಡುತ್ತದೆ. ಮೊದಲ ಮಹಿಳಾ ನಿರ್ದೇಶಕಿ ಸಕಾನೆ ಪಳಗಿದ್ದು ಯಾರ ಬಳಗದಲ್ಲಿ? ಇದೇ ಮಿಝೊಗುಚಿಯ ಬಳಗದಲ್ಲಿ. ಅವರ ಚಿತ್ರ ಬಂದದ್ದು ಮಿಝೊಗುಚಿ ಆಗ ದುಡಿಯುತ್ತಿದ್ದ ದಾಯಿಚಿ ಏಗಾ ಸಂಸ್ಥೆಯಿಂದ. ತಾನೇ ಏಣಿ ಹತ್ತಿಸಿ ತಂದ ಸಹಾಯಕಿಗೆ ಅಡ್ಡಬರದ ಮನುಷ್ಯ, ಏಣಿಯ ಹೊರಗಿನಿಂದ ಬಂದ ತಾರೆಗೆ ಅಡ್ಡಬಂದ. ಹೆಣ್ಣು ಎಂಬ ಅಸಹನೆ ಇದರಲ್ಲಿ ಇರಲೇ ಇಲ್ಲ ಎನ್ನಲಾಗದು. ಅದರ ಜೊತೆಗೆ ಸ್ಟುಡಿಯೋದ ಶ್ರೇಣಿ, ಸಂಘದ ಪ್ರತಿಷ್ಠೆ, 1953ರಲ್ಲಿ ಐದು ದೊಡ್ಡ ಸಂಸ್ಥೆಗಳು ಕಲಾವಿದರನ್ನು ಪರಸ್ಪರ ಸೆಳೆಯಬಾರದೆಂದು ಮಾಡಿಕೊಂಡ ಒಪ್ಪಂದ, ಮತ್ತೆ ನಿರ್ಮಾಣ ಆರಂಭಿಸಿದ್ದ ನಿಕ್ಕತ್ಸುವನ್ನು ಆ ಐವರೂ ದೂರವಿಟ್ಟದ್ದು, ಇವೂ ಇದ್ದವು. ಒಬ್ಬ ವ್ಯಕ್ತಿಯ ಹೊಟ್ಟೆಕಿಚ್ಚಿನ ಮೇಲೆ ಎಲ್ಲವನ್ನೂ ಹೊರಿಸಿದರೆ ಉದ್ಯಮ ಬಚಾವಾಗುತ್ತದೆ. ತನಾಕಾ ಮತ್ತೊಮ್ಮೆ ಮಿಝೊಗುಚಿಯ ಕಥೆಯಲ್ಲಿ ಒಂದು ಪಾತ್ರವಾಗಿ ಉಳಿಯುತ್ತಾರೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಮೊದಲ ಚಿತ್ರದ ಚಿತ್ರಕಥೆ ಕೈಸುಕೆ ಕಿನೊಶಿತಾ ಅವರದು, ಎರಡನೆಯದು ಓಝು ಮತ್ತು ರ‍್ಯೊಸುಕೆ ಸಾಯಿತೊ ಅವರದು, ಕೆಲಸ ಕಲಿಸಿದ್ದು ನರುಸೆ. ಹೀಗಿರುವಾಗ ಇದರಲ್ಲಿ ತನಾಕಾ ಅವರದು ಏನು? ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ 'ತ್ಸುಕಿ ವಾ ನೊಬೊರಿನು' ನೋಡಿದವರಿಗೆ ಓಝು ಕಂಡೇ ಕಾಣುತ್ತಾರೆ. ನಾರಾ ಊರು, ಮೂವರು ಅಕ್ಕತಂಗಿಯರು, ತಂದೆಯಾಗಿ ಚಿಶು ರ‍್ಯು, ಮದುವೆಯ ಮಾತುಕತೆ, 'ಮನ್ಯೊಶು' ಕಾವ್ಯಸಂಗ್ರಹದ ಪದ್ಯಸಂಖ್ಯೆಗಳನ್ನಷ್ಟೇ ತಂತಿ ಕಳಿಸಿ ಪ್ರೀತಿ ಹೇಳಿಕೊಳ್ಳುವ ಜೋಡಿ. ಆದರೆ ಚಿತ್ರಕಥೆ ಒಂದು, ಚಿತ್ರ ಇನ್ನೊಂದು. ಕಿರಿಯ ಮಗಳು ಸೆತ್ಸುಕೊ ಅಕ್ಕನಿಗೆ ಗಂಟುಹಾಕಲು ಒಂದು ಹೂಟ ಹೂಡುತ್ತಾಳೆ. ಮನೆಗೆಲಸದ ಯೊನೆಯಾಗೆ ಫೋನಿನಲ್ಲಿ ಹೀಗೆ ಹೀಗೆ ಮಾತಾಡಬೇಕು ಎಂದು ಹೇಳಿಕೊಡುತ್ತಾಳೆ. ಯೊನೆಯಾಗೆ ಬಾಯಿ ಹೊರಳದು, ದನಿ ಸರಿಯಾಗಿ ಬಾರದು. ಸೆತ್ಸುಕೊ ಬಿಡದೆ ಮತ್ತೆ ಹೇಳಿಸುತ್ತಾಳೆ, ತಿದ್ದುತ್ತಾಳೆ, ಇನ್ನೊಮ್ಮೆ ಹೇಳಿಸುತ್ತಾಳೆ. ಈ ಯೊನೆಯಾ ಪಾತ್ರದಲ್ಲಿರುವವರು ಸ್ವತಃ ತನಾಕಾ. ನಿರ್ದೇಶಿಸುತ್ತಿರುವವಳೇ ನಿರ್ದೇಶನಕ್ಕೆ ಒಳಗಾಗುವವಳಾಗಿ ಕೂತಿದ್ದಾಳೆ. ಮೂವತ್ತು ವರ್ಷ ಗಂಡಸರು ತಿದ್ದಿದ ನಟಿಯನ್ನು ಈಗ ಒಬ್ಬ ಹುಡುಗಿ ತಿದ್ದುತ್ತಿದ್ದಾಳೆ. ಆ ಪಾತ್ರವನ್ನು ಬೇರೊಬ್ಬ ನಟಿಗೆ ಕೊಟ್ಟಿದ್ದರೆ ಅದು ಬರೀ ತಮಾಷೆಯ ದೃಶ್ಯವಾಗಿರುತ್ತಿತ್ತು. ಇಂಥ ಆಯ್ಕೆ ಚಿತ್ರಕಥೆಯ ಹಾಳೆಯಲ್ಲಿ ಸಿಗುವುದಿಲ್ಲ, ಸೆಟ್ಟಿನಲ್ಲಿ ಆಗುತ್ತದೆ.

'ಕೊಯಿಬುಮಿ'ಯನ್ನೂ ಹೀಗೇ ನೋಡಬೇಕು. ಫುಮಿಯೊ ನಿವಾ ಅವರ ಕಾದಂಬರಿ ಆಧರಿಸಿದ ಈ ಚಿತ್ರದ ನಾಯಕ ರೆಯ್‌ಕಿಚಿ ಯುದ್ಧದಿಂದ ಮರಳಿದ ಸೈನಿಕ. ಟೋಕಿಯೋದ ಶಿಬುಯಾದ ಸಂದಿಯೊಂದರಲ್ಲಿ ಅಮೆರಿಕನ್ ಸೈನಿಕರಿಗೆ ಇಂಗ್ಲಿಷಿನಲ್ಲಿ ಪ್ರೇಮಪತ್ರ ಬರೆದುಕೊಟ್ಟು ಹೊಟ್ಟೆಹೊರೆಯುತ್ತಾನೆ. ಬರೆಸಿಕೊಳ್ಳಲು ಬರುವವರು ಆ ಸೈನಿಕರ ಆಸರೆಯಲ್ಲಿ ಬದುಕಿದ್ದ ಹೆಂಗಸರು. ಇಂಥ ಸಂದಿ ಶಿಬುಯಾದಲ್ಲಿ ನಿಜಕ್ಕೂ ಇತ್ತು. ಅವನು ವರ್ಷಗಳಿಂದ ಹುಡುಕುತ್ತಿದ್ದ ಮಿಚಿಕೊ ಒಂದು ದಿನ ಅಲ್ಲಿಗೇ ಪತ್ರ ಬರೆಸಲು ಬರುತ್ತಾಳೆ. ಅವನಿಗೆ ಮೊದಲು ಸಿಗುವುದು ಅವಳ ಮುಖವಲ್ಲ, ದನಿ. ಮುಂದೆ ಅವನು ಅವಳ ಮೇಲೆ ನೀತಿಯ ಮಳೆ ಸುರಿಸುತ್ತಾನೆ. 'ರಾಶೊಮೊನ್'ನಲ್ಲಿ ಸಮುರಾಯ್ ಆಗಿ ನಮಗೆ ಪರಿಚಿತರಾದ ಮಸಾಯುಕಿ ಮೊರಿ ಈ ಪಾತ್ರದಲ್ಲಿದ್ದಾರೆ. ಅಂಥ ನಟ ಎದುರಿಗೆ ಸಿಟ್ಟಿನಿಂದ ನಿಂತರೆ ಪ್ರೇಕ್ಷಕರ ಮನಸ್ಸು ಸಹಜವಾಗಿ ಅವನ ಕಡೆ ವಾಲುತ್ತದೆ. ತನಾಕಾ ಅದಕ್ಕೆ ಎಡೆಕೊಡುವುದಿಲ್ಲ. ಅವನ ಮಾತು ಮುಂದುವರಿಯುತ್ತಿದ್ದಂತೆ ಮಿಚಿಕೊ ಆಗಿರುವ ಯೊಶಿಕೊ ಕುಗಾ ಅವರ ಮೌನವೇ ನಮ್ಮನ್ನು ಹಿಡಿದುಕೊಳ್ಳುತ್ತದೆ. ಕಡೆಗೆ ಗೆಳೆಯ ಯಮಜಿ, ಯುದ್ಧದ ಪಾಪದಲ್ಲಿ ಪಾಲಿಲ್ಲದವರು ಯಾರಿದ್ದಾರೆ, ಅವಳ ಮೇಲೆ ಕಲ್ಲೆಸೆಯಲು ನಮಗೇನು ಹಕ್ಕು ಎಂಬ ಅರ್ಥದಲ್ಲಿ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಮಾತು ಕಿನೊಶಿತಾ ಅವರದೇ ಇರಬಹುದು. ಆದರೆ ಆ ಮಾತು ಬರುವ ಮುಂಚೆಯೇ ಪ್ರೇಕ್ಷಕರು ಆ ತೀರ್ಮಾನಕ್ಕೆ ಬಂದಿರುವಂತೆ ಮಾಡಿದ್ದು ನಿರ್ದೇಶನ.

ಅನುಮಾನ ಇನ್ನೂ ಉಳಿದವರು ಮೂರನೇ ಚಿತ್ರಕ್ಕೆ ಬರಬೇಕು. 'ಚಿಬುಸಾ ಯೊ ಎಯಿಎನ್ ನಾರೆ' (1955) ಸ್ತನ ಕ್ಯಾನ್ಸರ್‌ನಿಂದ 1954ರಲ್ಲಿ, ಮೂವತ್ತೊಂದರ ಹರೆಯದಲ್ಲಿ ತೀರಿಕೊಂಡ ಹೊಕ್ಕಾಯ್ಡೊದ ಕವಯಿತ್ರಿ ಫುಮಿಕೊ ನಕಾಜೊ ಅವರ ಬದುಕನ್ನು ಆಧರಿಸಿದ್ದು. ಇಲ್ಲಿ ಗಂಡು ಗುರುಗಳ ಚಿತ್ರಕಥೆ ಇಲ್ಲ. ಬರೆದವರು ಸುಮಿಎ ತನಾಕಾ. ಮನೆತನದ ಹೆಸರು ಒಂದೇ ಆದರೂ ನಂಟಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಫುಮಿಕೊ ಗೆಳತಿಯ ಮನೆಯಲ್ಲಿ ಸ್ನಾನಕ್ಕೆ ಇಳಿಯುತ್ತಾಳೆ. ಗೆಳತಿಗೆ ತನ್ನ ಎದೆಯನ್ನು ತೋರಿಸುತ್ತಾಳೆ. ನಮಗೆ ಕಾಣುವುದು ಗೆಳತಿ ತತ್ತರಿಸುವುದು. ಆಸ್ಪತ್ರೆಯಲ್ಲಿ ಇನ್ನೊಬ್ಬ ರೋಗಿಯ ಹೆಣ ಹೋಗುವ ಮೊಗಸಾಲೆಯಲ್ಲಿ ಫುಮಿಕೊ ಹಿಂಬಾಲಿಸಿ ಹೋಗುತ್ತಾಳೆ, ಶವಾಗಾರದ ಕಬ್ಬಿಣದ ಬಾಗಿಲು ಅವಳ ಮುಂದೆ ಮುಚ್ಚಿಕೊಳ್ಳುತ್ತದೆ. ಹೆಣ್ಣಿನ ಮೈಯನ್ನು ಆಸೆಯ ವಸ್ತುವಾಗಿಯೋ ಕರುಣೆಯ ವಸ್ತುವಾಗಿಯೋ ತೋರಿಸುತ್ತಿದ್ದ ಕಾಲದಲ್ಲಿ, ಕಾಯಿಲೆ ಬಿದ್ದ ಹೆಣ್ಣೊಬ್ಬಳು ಸಿಟ್ಟು, ಅಸೂಯೆ, ಕಾಮ ಎಲ್ಲವನ್ನೂ ಉಳಿಸಿಕೊಂಡೇ ಸಾಯುವುದನ್ನು ತೋರಿಸಿದ ಚಿತ್ರ ಇದು. ಮಿಝೊಗುಚಿಯ ನಾಯಕಿಯರು ನೋವುಂಡು ದೊಡ್ಡವರಾಗುತ್ತಾರೆ. ಫುಮಿಕೊ ನೋವುಂಡು ಒಳ್ಳೆಯವಳಾಗಲು ಒಪ್ಪುವುದಿಲ್ಲ. ಆ ನಾಯಕಿಯರನ್ನು ಸ್ವತಃ ಆಡಿದ ನಟಿಯೇ ಇದನ್ನು ಮಾಡಿದರು ಎಂಬುದನ್ನು ನಟನೆ ಮತ್ತು ನಿರ್ದೇಶನವನ್ನು ಒಟ್ಟಿಗಿಟ್ಟು ಓದಿದರೆ ಮಾತ್ರ ಕಾಣಬಹುದು.

ಇನ್ನೊಂದು ಆಕ್ಷೇಪ ವಿಮರ್ಶಕರಿಂದ ಬರುತ್ತದೆ. ಆರು ಚಿತ್ರಗಳೂ ಸಮನಾಗಿಲ್ಲ. ಚೀನಾದ ಕೊನೆಯ ಚಕ್ರವರ್ತಿ ಪುಯಿಯ ತಮ್ಮನನ್ನು ಮದುವೆಯಾದ ಜಪಾನೀ ಹೆಣ್ಣಿನ ಕಥೆಯಾದ 'ರುತೆನ್ ನೊ ಒಹಿ' (1960) ಅದ್ದೂರಿಯಾಗಿದೆ, ಆದರೆ ಜಪಾನ್ ಮಂಚೂರಿಯಾದಲ್ಲಿ ಮಾಡಿದ್ದನ್ನು ಮುಖಾಮುಖಿಯಾಗಲು ಹಿಂಜರಿಯುತ್ತದೆ. ಮೊದಲ ಮಹಿಳೆಯರಲ್ಲಿ ಒಬ್ಬರು ಎಂಬ ಕಾರಣಕ್ಕೆ ಇವನ್ನು ಮೇರುಕೃತಿಗಳೆಂದು ಎತ್ತಿಹಿಡಿಯಬೇಕೇ? ಬೇಡ. ಈ ಎಚ್ಚರಿಕೆ ನ್ಯಾಯವಾದದ್ದು. ಹೊಗಳಿಕೆಯ ಹೊಸ ಅಲೆಯೂ ಹಳೆಯ ಅಡಿಟಿಪ್ಪಣಿಯಷ್ಟೇ ಕೆಲಸ ಕೆಡಿಸಬಲ್ಲದು, ಏಕೆಂದರೆ ಎರಡೂ ಚಿತ್ರಗಳನ್ನು ನೋಡುವ ಕಷ್ಟ ತಪ್ಪಿಸುತ್ತವೆ. ಆದರೆ ನರುಸೆಯ ಚಿತ್ರಗಳೂ ಸಮನಾಗಿಲ್ಲ, ಮಿಝೊಗುಚಿಯವೂ ಸಮನಾಗಿಲ್ಲ. ಅವರ ದುರ್ಬಲ ಚಿತ್ರಗಳನ್ನು ವಿಮರ್ಶಕರು ಅವರ ಬೆಳವಣಿಗೆಯ ಭಾಗವಾಗಿ ಓದುತ್ತಾರೆ. ಬಿಡಿ ಚಿತ್ರವನ್ನು ಇಡೀ ದುಡಿಮೆಯ ಜೊತೆ ಇಟ್ಟು ನೋಡುವ ಆ ಸೌಲಭ್ಯವನ್ನೇ ತನಾಕಾಗೂ ಕೊಡಿ ಎಂಬುದಷ್ಟೇ ಬೇಡಿಕೆ. ಶಿಂತೊಹೊ, ನಿಕ್ಕತ್ಸು, ದಾಯೆ, ತೊಹೊ ಬಳಗದ ಟೋಕಿಯೋ ಏಗಾ, ಕಡೆಗೆ ನಟಿಯರೇ ಕಟ್ಟಿದ ನಿಂಜಿನ್ ಕ್ಲಬ್: ಆರು ಚಿತ್ರಗಳಿಗೆ ಐದು ಮನೆ. ಒಂದೇ ಸ್ಟುಡಿಯೋದಲ್ಲಿ ತಂಡ ಕಟ್ಟಿಕೊಂಡು ಬೆಳೆಯುವ ಭಾಗ್ಯ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದು ಗುಣಮಟ್ಟದ ಚರ್ಚೆಗೂ ಸೇರಬೇಕು.

ಹಾಗಾದರೆ ಇಂಥ ಸಂಶೋಧನೆ ನಡೆಯಬೇಕಾದದ್ದು ಹೇಗೆ? ಶೀರ್ಷಿಕೆಗಳಲ್ಲಿ ಬರುವ ಹೆಸರುಗಳನ್ನು ನಂಬಿ ಕೂರುವಂತಿಲ್ಲ. ಆ ಕಾಲದ ಶೀರ್ಷಿಕೆಗಳು ವಿಭಾಗದ ಮುಖ್ಯಸ್ಥರನ್ನು ಹೆಸರಿಸಿ, ಕೆಳಗೆ ದುಡಿದವರನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದವು. 'ಕಿನೆಮಾ ಜುಂಪೊ'ದಂಥ ಪತ್ರಿಕೆಗಳ ಸುದ್ದಿ, ಸ್ಟುಡಿಯೋಗಳ ಪ್ರಚಾರ ಹಾಳೆ, ಗುರುತು ಹಾಕಿದ ಚಿತ್ರಕಥೆಯ ಪ್ರತಿ, ಸೆಟ್ಟಿನ ಛಾಯಾಚಿತ್ರ ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡಬೇಕು. ನೆನಪುಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು, ಏಕೆಂದರೆ ಅವು ಬಲುಬೇಗ ಕಥೆಯಾಗುತ್ತವೆ. ನಿರ್ದೇಶಕ ಕನೆತೊ ಶಿಂದೊ ತನಾಕಾ ಬಗ್ಗೆ ಬರೆದದ್ದು ಕಾದಂಬರಿಯ ರೂಪದಲ್ಲಿ. ಅದನ್ನು ಆಧರಿಸಿ ಕೋನ್ ಇಚಿಕಾವಾ 1987ರಲ್ಲಿ ಮಾಡಿದ ಚಿತ್ರದ ಹೆಸರೇ 'ಚಿತ್ರನಟಿ'. ಅದರ ಕಥೆ 'ಒಹಾರು'ವಿನ ಹೊತ್ತಿಗೆ ನಿಲ್ಲುತ್ತದೆ, ನಿರ್ದೇಶಕಿ ಹುಟ್ಟುವ ಮುಂಚೆಯೇ. ಇದಕ್ಕೆ ಎದುರಾಗಿ ಕುರೊಸಾವಾ ಚಿತ್ರಗಳ ನಾಯಕ ತೊಶಿರೊ ಮಿಫುನೆಯ ಕಥೆ ಇಡಿ. ವಾಯುಸೇನಾ ವಿಭಾಗದಲ್ಲಿ ಛಾಯಾಚಿತ್ರದ ಕೆಲಸ ಮಾಡಿದ್ದ ಆತ 1946ರಲ್ಲಿ ತೊಹೊ ಬಾಗಿಲು ತಟ್ಟಿದ್ದು ಕ್ಯಾಮೆರಾ ಸಹಾಯಕನಾಗಲು, ಆದದ್ದು ನಟ. ಈ ಸಂಗತಿ ಕುರೊಸಾವಾ ಅಭಿಮಾನಿಗಳೆಲ್ಲರಿಗೂ ಬಾಯಿಪಾಠ. ಕ್ಯಾಮೆರಾದ ಹಿಂದಿನಿಂದ ಮುಂದಕ್ಕೆ ಬಂದ ಗಂಡಸಿನ ಪಯಣ ದಂತಕಥೆಯಾಯಿತು. ಮುಂದಿನಿಂದ ಹಿಂದಕ್ಕೆ ಹೋಗಿ ಆರು ಚಿತ್ರ ಮಾಡಿದ ಹೆಂಗಸಿನದು ಟಿಪ್ಪಣಿಯಾಯಿತು.

ಈ ಸ್ಥಿತಿ ಬದಲಾಗುತ್ತಿರುವುದಕ್ಕೆ ಮುಖ್ಯ ಕಾರಣ ಚಿತ್ರಗಳು ಕೈಗೆ ಸಿಗುತ್ತಿರುವುದು. ಸಕಾನೆ ಅವರ ಚಿತ್ರ ಕಳೆದುಹೋಯಿತು, ತನಾಕಾ ಅವರವು ಆರೂ ಉಳಿದವು. 'ತ್ಸುಕಿ ವಾ ನೊಬೊರಿನು' 2021ರಲ್ಲಿ ಪುನರುಜ್ಜೀವನಗೊಂಡು ಕಾನ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಅದೇ ವರ್ಷ ಲಿಯೋನ್‌ನ ಲುಮಿಯೇರ್ ಉತ್ಸವ ಆರನ್ನೂ ತೋರಿಸಿತು. ಕುರೊಸಾವಾ, ಓಝು, ಮಿಝೊಗುಚಿಯರನ್ನು ಕನ್ನಡದ ಪ್ರೇಕ್ಷಕರಿಗೆ ಪರಿಚಯಿಸಿದ್ದು ಇಲ್ಲಿನ ಫಿಲ್ಮ್ ಸೊಸೈಟಿಗಳು. ಹೆಗ್ಗೋಡಿನಂಥ ಹಳ್ಳಿಯಲ್ಲೂ ವಿಶ್ವ ಸಿನಿಮಾ ಓಡಿದ ನಾಡು ನಮ್ಮದು. ಆ ಸೊಸೈಟಿಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ 'ಉಗೆತ್ಸು' ಹಾಕುವಾಗ ಮರುದಿನಕ್ಕೆ 'ಕೊಯಿಬುಮಿ'ಯನ್ನೂ ಹಾಕಿ. ಎರಡೂ 1953ರವು, ಒಂದರಲ್ಲಿ ತನಾಕಾ ನಟಿ, ಇನ್ನೊಂದರಲ್ಲಿ ನಿರ್ದೇಶಕಿ. ಎರಡನ್ನೂ ನೋಡಿದ ಮೇಲೆ ಅವರನ್ನು ಏನೆಂದು ಕರೆಯಬೇಕೆಂದು ಪ್ರೇಕ್ಷಕರೇ ತೀರ್ಮಾನಿಸಲಿ.